ಅಪರೂಪದ ಬಣ್ಣದ ಕಾಡುಪ್ರಾಣಿ ಎದುರಾದರೆ: ಮೊದಲು ಏನು, ಆಮೇಲೆ ಏನು

‘ಬಿಳಿ ಮುಂಗುಸಿ ನೋಡಿದೆ, ಇದು ಆಲ್ಬಿನೋ (ಮೈಯಲ್ಲಿ ಕಪ್ಪು ಬಣ್ಣದ್ರವ್ಯವೇ ತಯಾರಾಗದ ಪ್ರಾಣಿ) ಹೌದಾ?’ ಎಂಬ ಸಾಲಿನ ಜೊತೆ ಬರುವ ಫೋಟೋಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಪೂರ್ತಿ ಜೂಮ್ ಮಾಡಿ ತೆಗೆದದ್ದು, ಕೈ ಅಲುಗಿದ್ದು, ನಡುವೆ ಒಂದು ಬಿಳಿ ಕಲೆ, ಅದೂ ಬೆನ್ನು ತೋರಿಸಿ ಓಡುತ್ತಿರುವುದು. ಕಣ್ಣು ಕಾಣುವುದಿಲ್ಲ, ಮೂಗು ಕಾಣುವುದಿಲ್ಲ, ಗಾತ್ರ ಅಂದಾಜಿಸಲು ಪಕ್ಕದಲ್ಲಿ ಒಂದು ಗಿಡವೂ ಇಲ್ಲ. ಇದಕ್ಕೆ ಫೋನನ್ನು ದೂರಿ ಪ್ರಯೋಜನವಿಲ್ಲ, ತಪ್ಪಿರುವುದು ಕೆಲಸದ ಕ್ರಮ. ಪ್ರಾಣಿ ಕಂಡೊಡನೆ ಜೇಬಿಗೆ ಕೈ ಹಾಕುತ್ತೇವೆ, ಫೋನ್ ಹಿಡಿದುಕೊಂಡೇ ಮುಂದೆ ನಡೆಯುತ್ತೇವೆ, ಅದು ಓಡುತ್ತದೆ, ಕೊನೆಗೆ ಸಿಕ್ಕ ಬೆನ್ನನ್ನೇ ಹತ್ತು ಗುಂಪುಗಳಿಗೆ ಕಳಿಸುತ್ತೇವೆ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಬಣ್ಣವನ್ನು ಕೊನೆಗೆ ನೋಡಿ ಎಂಬುದು ಈ ಬರಹದುದ್ದಕ್ಕೂ ಬರುವ ಮಾತು. ಪ್ರಾಣಿಯ ಗುಟ್ಟು ಹೇಳುವುದು ಅದರ ಕಣ್ಣು, ಮೂಗಿನ ತುದಿ, ಉಗುರು, ಮತ್ತು ಮೈಮೇಲಿನ ಪಟ್ಟೆ ಚುಕ್ಕೆಗಳು.

## ಮೊದಲೇ ಸಿದ್ಧವಿರಬೇಕಾದ್ದು

ದೊಡ್ಡ ಕ್ಯಾಮೆರಾ ಬೇಕಿಲ್ಲ. 8×42 ಅಳತೆಯ (8 ಪಟ್ಟು ಹಿಗ್ಗಿಸುವ, 42 ಮಿ.ಮೀ. ಮುಂಗಾಜಿನ) ಬೈನಾಕ್ಯುಲರ್ ಇದ್ದರೆ ಅರ್ಧ ಕೆಲಸ ಆದಂತೆ. 10 ಪಟ್ಟಿಗಿಂತ ಹೆಚ್ಚು ಹಿಗ್ಗಿಸುವುದನ್ನು ಬರಿಗೈಯಲ್ಲಿ ಹಿಡಿದರೆ ಕೈನಡುಕವೂ ಅಷ್ಟೇ ಪಟ್ಟು ಹಿಗ್ಗಿ ಏನೂ ನಿಲ್ಲುವುದಿಲ್ಲ. ಇದರ ಜೊತೆಗೆ ಜೇಬಿಗೆ ಹಿಡಿಸುವ ನೋಟ್‌ಬುಕ್, ಪೆನ್ಸಿಲ್, ಒಂದು ಸ್ಕೇಲು, ನಾಲ್ಕು ಮಡಿಕೆ ಮಾಡಿದ ಒಂದು ಬಿಳಿ ಹಾಳೆ ಇಟ್ಟುಕೊಳ್ಳಿ. ಹಾಳೆ ಯಾಕೆ ಎಂಬುದು ಮುಂದೆ ಬರುತ್ತದೆ.

ಫೋನಿನಲ್ಲಿ ಫ್ಲ್ಯಾಶ್, ಶಟರ್ ಸದ್ದು, ಫಿಲ್ಟರ್, ಈ ಮೂರನ್ನೂ ಮನೆಯಲ್ಲೇ ಆಫ್ ಮಾಡಿ. ಕ್ಯಾಮೆರಾದ ಲೊಕೇಶನ್ ಕೂಡ ಆಫ್ ಇರಲಿ. ಜಾಗವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೀರಿ, ಫೋಟೋದೊಳಗೆ ಅದು ಕೂರುವುದು ಬೇಡ. ಪ್ರಾಣಿ ಎದುರಿಗೆ ನಿಂತಾಗ ಸೆಟ್ಟಿಂಗ್ಸ್ ತಡಕಾಡುತ್ತಾ ಕೂತವರ ಪಾಡು ಗೊತ್ತಿರುವುದೇ.

## ಹಂತ 1: ನಿಂತಲ್ಲೇ ನಿಲ್ಲಿ

ಕೂಗಬೇಡಿ, ಕೈ ತೋರಿಸಬೇಡಿ, ಪಕ್ಕದವರನ್ನು ಎಳೆಯಬೇಡಿ. ನಾಯಿ ಜೊತೆಗಿದ್ದರೆ ಹಗ್ಗ ಗಿಡ್ಡ ಮಾಡಿ ಹಿಡಿದುಕೊಳ್ಳಿ. ವಾಹನದಲ್ಲಿದ್ದರೆ ಎಂಜಿನ್ ಆರಿಸಿ ಒಳಗೇ ಕೂತಿರಿ. ಎಷ್ಟೋ ಪ್ರಾಣಿಗಳು ನಿಂತ ಕಾರಿಗೆ ಅಷ್ಟಾಗಿ ಬೆದರುವುದಿಲ್ಲ, ಅದರಿಂದ ಇಳಿಯುವ ಮನುಷ್ಯನಿಗೆ ಬೆದರುತ್ತವೆ.

ಎಷ್ಟು ದೂರ ಇರಬೇಕು? ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ಕರಡಿ, ತೋಳಗಳಿಂದ ಕನಿಷ್ಠ 91 ಮೀಟರ್, ಉಳಿದ ಹೆಚ್ಚಿನ ಪ್ರಾಣಿಗಳಿಂದ 23 ಮೀಟರ್ ದೂರ ಕಡ್ಡಾಯ. ಬೇರೆಡೆಯೂ ಇದನ್ನು ಕನಿಷ್ಠ ಎಂದೇ ಇಟ್ಟುಕೊಳ್ಳಬಹುದು. ಅಳೆಯಲು ಆಗದಿದ್ದರೆ ತೋಳು ನೀಡಿ, ಒಂದು ಕಣ್ಣು ಮುಚ್ಚಿ, ಹೆಬ್ಬೆರಳನ್ನು ಪ್ರಾಣಿಯ ಮೇಲೆ ಹಿಡಿಯಿರಿ. ದೊಡ್ಡ ಪ್ರಾಣಿ ಬೆರಳಿನ ಆಚೀಚೆ ಕಾಣುತ್ತಿದೆಯೆಂದರೆ ನೀವು ಆಗಲೇ ಹತ್ತಿರವಾಗಿದ್ದೀರಿ.

## ಹಂತ 2: ಅದರ ಮೈಭಾಷೆ ಓದಿ

ಮೇಯುತ್ತಿದ್ದ ಜಿಂಕೆ ಮೇವು ಬಿಟ್ಟು ತಲೆಯೆತ್ತಿ, ಎರಡೂ ಕಿವಿಯನ್ನು ನಿಮ್ಮತ್ತ ತಿರುಗಿಸಿತೆಂದರೆ ಅದು ಮೊದಲ ಎಚ್ಚರಿಕೆ. ಮುಂಗಾಲಿನಿಂದ ನೆಲ ಬಡಿದರೆ ಎರಡನೆಯದು. ಅಲ್ಲಿಂದ ನಾಲ್ಕು ಹೆಜ್ಜೆ ಹಿಂದೆ ಸರಿದರೆ ಅದು ಮತ್ತೆ ಮೇಯಲು ತೊಡಗುತ್ತದೆ, ನಿಮಗೂ ನೋಡಲು ಸಮಯ ಸಿಗುತ್ತದೆ. ಚಿರತೆಯಂಥ ಪ್ರಾಣಿ ಕಿವಿ ಹಿಂದಕ್ಕೆ ಅದುಮಿ, ಮೈ ತಗ್ಗಿಸಿ, ಬಾಲದ ತುದಿ ಆಡಿಸುತ್ತಿದ್ದರೆ ನೋಡುವ ಆಸೆ ಬಿಡಿ. ಓಡಬೇಡಿ, ಬೆನ್ನು ತಿರುಗಿಸಬೇಡಿ, ಮುಖ ಅದರ ಕಡೆಗಿಟ್ಟೇ ನಿಧಾನವಾಗಿ ಹಿಂದಕ್ಕೆ ಬನ್ನಿ.

ಬಣ್ಣಗೆಟ್ಟ ಪ್ರಾಣಿಗಳ ವಿಷಯದಲ್ಲಿ ಇನ್ನೂ ಮೂರು ಎಚ್ಚರಿಕೆಗಳಿವೆ.

ಒಂದು, ಹತ್ತಿರ ಹೋದರೂ ಸುಮ್ಮನಿರುವ ಬಿಳಿ ಪ್ರಾಣಿ ಸಾಧು ಎಂದುಕೊಳ್ಳಬೇಡಿ. ಆಲ್ಬಿನೋ ಪ್ರಾಣಿಯ ಕಣ್ಣಿನೊಳಗೂ ಬಣ್ಣದ ಪದರ ಇರುವುದಿಲ್ಲವಾದ್ದರಿಂದ ದೃಷ್ಟಿ ಮಂದ, ಬಿಸಿಲಂತೂ ಆಗದು. ನೀವು ಬಂದದ್ದೇ ಅದಕ್ಕೆ ಕಂಡಿರುವುದಿಲ್ಲ. ಕಂಡ ಕ್ಷಣ ಗಾಬರಿಯಾಗಿ ಎತ್ತ ಬೇಕಾದರೂ ನುಗ್ಗೀತು, ನಿಮ್ಮ ಮೇಲೂ.

ಎರಡು, ತೂರಾಡುವುದು, ಜೊಲ್ಲು ಸುರಿಸುವುದು, ಹಗಲಲ್ಲಿ ಮನುಷ್ಯರ ನಡುವೆ ಅಂಜಿಕೆಯಿಲ್ಲದೆ ಓಡಾಡುವುದು ರೇಬೀಸ್‌ನ ಲಕ್ಷಣವಿರಬಹುದು. ಅದು ಯಾವ ಬಣ್ಣದ್ದೇ ಆಗಿರಲಿ, ದೂರ ಸರಿದು ಅರಣ್ಯ ಇಲಾಖೆಗೆ ತಿಳಿಸಿ. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ನೇರ ಆಸ್ಪತ್ರೆಗೆ ಹೋಗಿ.

ಮೂರು, ಹಾವು. ಬಿಳಿ ನಾಗರಹಾವಿನ ವಿಷ ಬಿಳಿಯಾಗಿದೆಯೆಂದು ಕಡಿಮೆಯಾಗುವುದಿಲ್ಲ.

ಮರಿ ಒಂಟಿಯಾಗಿ ಕಂಡರೆ ತಾಯಿ ಆಸುಪಾಸಿನಲ್ಲೇ ಇದೆ ಎಂದು ತಿಳಿಯಿರಿ. ಬೆಳ್ಳಗಿದೆ ಎಂದು ತಾಯಿ ಬಿಟ್ಟುಹೋಗಿದೆ ಅಂದುಕೊಂಡು ಮರಿಯನ್ನು ಎತ್ತಿಕೊಂಡು ಬರುವವರಿದ್ದಾರೆ. ತಾಯಿ ಬಂದು ಹುಡುಕುವ ಹೊತ್ತಿಗೆ ಮರಿ ರಟ್ಟಿನ ಪೆಟ್ಟಿಗೆಯಲ್ಲಿರುತ್ತದೆ.

## ಹಂತ 3: ಅರ್ಧ ನಿಮಿಷ, ಬರೀ ನೋಟ

ಜನ ಹೆಚ್ಚಾಗಿ ಬಿಟ್ಟುಬಿಡುವ ಹಂತ ಇದು. ಫೋನ್ ಜೇಬಿನಲ್ಲೇ ಇರಲಿ. ಬೈನಾಕ್ಯುಲರ್ ಎತ್ತಿ ಈ ಕ್ರಮದಲ್ಲಿ ನೋಡಿ: ಕಣ್ಣು. ಮೂಗು, ತುಟಿ, ಕಿವಿಯ ಒಳಗಿನ ಬರಿಚರ್ಮ. ಉಗುರು ಅಥವಾ ಗೊರಸು, ಹಕ್ಕಿಯಾದರೆ ಕೊಕ್ಕು ಮತ್ತು ಕಾಲು. ಆಮೇಲೆ ಮೈಮೇಲೆ ಪಟ್ಟೆ ಚುಕ್ಕೆಗಳ ಗುರುತೇನಾದರೂ ಉಳಿದಿದೆಯೇ ಎಂಬುದು. ಕಡೆಗೆ ಬಣ್ಣ. ನೋಡುತ್ತಾ ಮನಸ್ಸಿನಲ್ಲೇ ಹೇಳಿಕೊಳ್ಳಿ: ‘ಕಣ್ಣು ಕಪ್ಪು, ಮೂಗು ಗುಲಾಬಿ, ಉಗುರು ತಿಳಿ.’ ಮಾತಿನಲ್ಲಿ ಇಳಿಸದ ನೋಟ ಹತ್ತು ನಿಮಿಷದಲ್ಲಿ ಅಳಿಸಿಹೋಗುತ್ತದೆ.

ನನಗೆ ಇದು ಮನದಟ್ಟಾದದ್ದು ಒಂದು ಬಿಳಿ ಅಳಿಲಿನಿಂದ. ಮರದ ಕಾಂಡಕ್ಕೆ ತಲೆಕೆಳಗಾಗಿ ಅಂಟಿಕೊಂಡಿತ್ತು, ಬೆನ್ನ ಹಿಂದೆ ಬೆಳಗಿನ ಬಿಸಿಲು. ಕಿವಿಯ ತೆಳು ಚರ್ಮದಲ್ಲಿ ಬೆಳಕು ಹಾಯ್ದು ಗುಲಾಬಿಯಾಗಿ ಹೊಳೆಯುತ್ತಿತ್ತು. ಅಷ್ಟು ನೋಡಿಯೇ ‘ಆಲ್ಬಿನೋ’ ಎಂದು ತೀರ್ಮಾನ ಮಾಡಿಬಿಟ್ಟಿದ್ದೆ. ಅದು ತಲೆ ಹೊರಳಿಸಿದಾಗ ಕಂಡದ್ದು ಕರಿಮಣಿಯಂಥ ಅಪ್ಪಟ ಕಪ್ಪು ಕಣ್ಣು. ಬೆನ್ನಿನ ಮೂರು ಪಟ್ಟೆಗಳೂ ಇದ್ದವು, ಬಿಳಿಯ ಮೇಲೆ ಒಂದಿಷ್ಟು ಮಾಸಲು ಬಿಳಿ ಅಷ್ಟೇ. ಕಣ್ಣನ್ನು ಮೊದಲು ನೋಡಿದ್ದರೆ ತಪ್ಪು ಹೆಸರನ್ನು ಹೊತ್ತು ತಿರುಗುವ ಗೋಜೇ ಇರುತ್ತಿರಲಿಲ್ಲ.

## ಹಂತ 4: ಈಗ ಫೋಟೋ

ಮೊದಲನೆಯದು ಜೂಮ್ ಇಲ್ಲದ್ದು. ಪ್ರಾಣಿ ಚುಕ್ಕೆಯಷ್ಟು ಕಂಡರೂ ಸರಿ, ಸುತ್ತಲಿನ ಗಿಡ, ಕಲ್ಲು, ಬೇಲಿಗೂಟ ಬರಲಿ. ಗಾತ್ರ ಹೇಳುವುದು ಈ ಚಿತ್ರವೇ. ಎರಡನೆಯದು ನಡುಮಟ್ಟದ ಜೂಮ್. ಮೂರನೆಯದು ಪೂರ್ತಿ ಜೂಮ್, ಅದೂ ಕೈಯನ್ನು ಮರಕ್ಕೋ ಕಾರಿನ ಕಿಟಕಿಗೋ ಆನಿಸಿಕೊಂಡು. ಪ್ರಾಣಿ ಇನ್ನೂ ಇದ್ದರೆ 20 ಸೆಕೆಂಡು ವಿಡಿಯೋ ಮಾಡಿ. ಫೋಟೋದಲ್ಲಿ ತಪ್ಪಿದ ಕಣ್ಣು ವಿಡಿಯೋದ ಯಾವುದೋ ಒಂದು ಫ್ರೇಮಿನಲ್ಲಿ ಸಿಗುವುದುಂಟು.

ಬಿಳಿ ಪ್ರಾಣಿಯನ್ನು ಫೋನ್ ಅತಿ ಬೆಳ್ಳಗೆ ಮಾಡಿಬಿಡುತ್ತದೆ, ಪಟ್ಟೆ ಚುಕ್ಕೆಗಳೆಲ್ಲ ಮಾಯ. ಪರದೆಯ ಮೇಲೆ ಪ್ರಾಣಿಯನ್ನು ಒತ್ತಿ ಬೆಳಕನ್ನು ಸ್ವಲ್ಪ ಇಳಿಸಿ. ಕಪ್ಪು ಪ್ರಾಣಿಗೆ ಇದರ ತಿರುಗುಮುರುಗು, ಬೆಳಕು ಏರಿಸಿ. ಕರಿಚಿರತೆಯ ಮೈಮೇಲೂ ಚುಕ್ಕೆಗಳಿರುತ್ತವೆ, ಓರೆಬಿಸಿಲು ಬಿದ್ದಾಗ ಕಪ್ಪಿನೊಳಗೆ ಕಪ್ಪಾಗಿ ಎದ್ದು ಕಾಣುತ್ತವೆ.

ಪ್ರಾಣಿ ಹೋದ ಮೇಲೆ ಬಿಳಿ ಹಾಳೆಯ ಸರದಿ. ನಿಂತಲ್ಲಿಂದ ಅಲುಗದೆ, ಅದೇ ಬೆಳಕಿನಲ್ಲಿ, ಹಾಳೆಯನ್ನು ಬಿಡಿಸಿ ಒಂದು ಫೋಟೋ ತೆಗೆಯಿರಿ. ಹಾಳೆ ಆ ಚಿತ್ರದಲ್ಲಿ ಹಳದಿಯಾಗಿ ಕಂಡರೆ ‘ಚಿನ್ನದ ಬಣ್ಣದ ನರಿ’ಗೂ ಅಷ್ಟೇ ಹಳದಿ ಬಳಿದುಕೊಂಡಿತ್ತು ಎಂದು ಗೊತ್ತಾಗುತ್ತದೆ. ಬಣ್ಣದ ಬಗೆಗಿನ ಅರ್ಧ ಜಗಳಗಳು ಈ ಒಂದು ಹಾಳೆಯಿಂದ ಮುಗಿಯುತ್ತವೆ.

## ಹಂತ 5: ಹತ್ತು ನಿಮಿಷದೊಳಗೆ ಬರೆಯಿರಿ

ತೆಗೆದ ಫೋಟೋ ತೆರೆದು ನೋಡುವ ಮೊದಲು, ಜೊತೆಗಿದ್ದವರೊಂದಿಗೆ ಮಾತಾಡುವ ಮೊದಲು ಬರೆಯಿರಿ. ಇಬ್ಬರಿದ್ದರೆ ಇಬ್ಬರೂ ಬೇರೆ ಬೇರೆ ಬರೆಯಬೇಕು. ಒಬ್ಬರು ‘ಕಣ್ಣು ಕೆಂಪಗಿತ್ತಲ್ವಾ?’ ಎಂದ ಕೂಡಲೇ ಇನ್ನೊಬ್ಬರ ನೆನಪಿನಲ್ಲೂ ಕಣ್ಣು ಕೆಂಪಾಗುತ್ತದೆ.

ಟಿಪ್ಪಣಿ ಹೀಗಿದ್ದರೆ ಸಾಕು:

‘ಬೆಳಿಗ್ಗೆ 6.50. ಬಿಸಿಲು ನನ್ನ ಬೆನ್ನಿಗೆ. ದೂರ ಸುಮಾರು 60 ಮೀ. ಜಿಂಕೆ, ಹೆಣ್ಣು, ಹಿಂಡಿನಲ್ಲಿ ಐದು, ಇದೊಂದೇ ಬಿಳಿ. ಕಣ್ಣು ಕಪ್ಪು. ಮೂಗು ಕಪ್ಪು. ಗೊರಸು ಕಾಣಲಿಲ್ಲ, ಹುಲ್ಲು ಅಡ್ಡ. ಎಡ ತೊಡೆಯ ಮೇಲೆ ಅಂಗೈಯಗಲ ಕಂದು ಮಚ್ಚೆ. ನಾಲ್ಕು ನಿಮಿಷ ಮೇಯಿತು, ಉಳಿದವುಗಳ ಜೊತೆ ಹೋಯಿತು.’

‘ಕಾಣಲಿಲ್ಲ’ ಎಂದು ಬರೆಯುವುದಕ್ಕೆ ನಾಚಿಕೆ ಬೇಡ. ಗೊರಸು ಗುಲಾಬಿ ಎಂದು ಊಹಿಸಿ ಬರೆದರೆ ಉಳಿದ ಸಾಲುಗಳನ್ನೂ ಯಾರೂ ನಂಬುವಂತಿರುವುದಿಲ್ಲ.

## ಹಂತ 6: ಹೊರಡಿ

ಹಿಂಬಾಲಿಸಬೇಡಿ. ಬಿದ್ದ ಗರಿ, ಕೂದಲು, ಕೋಡು ಎತ್ತಿಕೊಳ್ಳಬೇಡಿ. ಎಷ್ಟೋ ದೇಶಗಳಲ್ಲಿ ಅವನ್ನು ಇಟ್ಟುಕೊಳ್ಳುವುದೇ ಅಪರಾಧ. ಪಕ್ಕದಲ್ಲಿ ಸ್ಕೇಲು ಇಟ್ಟು ಫೋಟೋ ತೆಗೆದರೆ ಸಾಕು, ಹೆಜ್ಜೆಗುರುತಿಗೂ ಹಾಗೆಯೇ. ಕಂಡದ್ದು ಚಿರತೆ, ಕರಡಿ, ಆನೆಯಂಥದ್ದಾದರೆ ಅದೂ ಬೇಡ, ಬಂದ ದಾರಿಯಲ್ಲೇ ವಾಪಸ್.

## ಹಂತ 7: ಮನೆಗೆ ಬಂದು, ಮೊದಲು ಅನುಮಾನ ಪಡಿ

ಬೆಳ್ಳಗಿರುವುದೆಲ್ಲ ಹಾಲಲ್ಲ. ‘ಅಪರೂಪ’ ಎಂಬ ತೀರ್ಮಾನಕ್ಕೆ ಬರುವ ಮೊದಲು ಸಾಮಾನ್ಯ ಕಾರಣಗಳನ್ನು ಒಂದೊಂದಾಗಿ ಹೊಡೆದುಹಾಕಬೇಕು. ನಾನೇ ಒಂದು ಮುಸ್ಸಂಜೆ ಪೊದೆಯ ಬುಡದಲ್ಲಿ ಮಲಗಿದ್ದ ‘ಬಿಳಿ ನರಿ’ಯನ್ನು ಮುಕ್ಕಾಲು ಗಂಟೆ ಉಸಿರು ಬಿಗಿಹಿಡಿದು ಕಾದಿದ್ದೇನೆ. ಕೊನೆಗೆ ಗಾಳಿ ಬೀಸಿ ಅದು ಮಗ್ಗುಲಾದಾಗ ಸಿಮೆಂಟ್ ಚೀಲ ಎಂದು ತಿಳಿಯಿತು.

ಬೆಳಕು. ಒದ್ದೆಯಾದ ಕಂದು ಪ್ರಾಣಿ ಮೋಡದ ದಿನ ಕಪ್ಪಾಗಿ ಕಾಣುತ್ತದೆ. ಸಂಜೆಯ ಬಿಸಿಲಿನಲ್ಲಿ ಬೂದು ಪ್ರಾಣಿ ಹೊಂಬಣ್ಣ ತಾಳುತ್ತದೆ. ಇನ್‌ಫ್ರಾರೆಡ್ ಕ್ಯಾಮೆರಾದ ರಾತ್ರಿ ಚಿತ್ರಗಳಲ್ಲಿ ಬಣ್ಣವೇ ಇರುವುದಿಲ್ಲ, ಕಂದು ಮೈಯೂ ಬೆಳ್ಳಗೆ ಬರಬಹುದು. ಅಂಥ ಚಿತ್ರ ನೋಡಿ ಬಣ್ಣ ಹೇಳಲೇಬೇಡಿ. ಒಂದು ವಿಚಿತ್ರವೆಂದರೆ ಕರಿಚಿರತೆಯ ಚುಕ್ಕೆಗಳು ಸ್ಪಷ್ಟವಾಗಿ ಮೂಡುವುದು ಇದೇ ಇನ್‌ಫ್ರಾರೆಡ್‌ನಲ್ಲಿ.

ಫ್ಲ್ಯಾಶಿನ ಕೆಂಪುಕಣ್ಣು. ಅತಿ ಹೆಚ್ಚು ಜನ ಬೀಳುವ ಹಳ್ಳ ಇದು. ರಾತ್ರಿ ಸಂಚರಿಸುವ ಅನೇಕ ಪ್ರಾಣಿಗಳ ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ತಿರುಗಿ ಎಸೆಯುವ ಪದರವಿದೆ. ಟಾರ್ಚು ಬಿದ್ದರೆ ಹಸಿರು, ಹಳದಿ, ಕೆಂಪು, ಹೇಗೆ ಬೇಕಾದರೂ ಹೊಳೆಯುತ್ತದೆ. ಆಲ್ಬಿನೋಗೂ ಅದಕ್ಕೂ ಸಂಬಂಧವಿಲ್ಲ. ಕಣ್ಣಿನ ಬಣ್ಣ ಹಗಲಿನ ಚಿತ್ರದಿಂದ ಮಾತ್ರ ಹೇಳಿ.

ಮಣ್ಣು. ಕೆನ್ಯಾದ ತ್ಸಾವೋ ಪ್ರದೇಶದ ಆನೆಗಳು ಇಟ್ಟಿಗೆಯಂತೆ ಕೆಂಪು. ತೊಳೆದರೆ ಎಲ್ಲ ಆನೆಗಳಂತೆ ಬೂದು. ಅಲ್ಲಿನ ಕೆಂಪುಮಣ್ಣನ್ನು ಮೈಮೇಲೆ ಎರಚಿಕೊಳ್ಳುವುದರಿಂದ ಬಂದ ಬಣ್ಣ ಅದು. ಕಾಡುಹಂದಿಯೂ ಕೆಸರು ಒಣಗಿದಾಗ ಬೇರೆಯೇ ಪ್ರಾಣಿಯಂತೆ ಕಾಣುತ್ತದೆ.

ಗಂಡು, ಹೆಣ್ಣು, ಮರಿ. ಬಲಿತ ಗಂಡು ಕೃಷ್ಣಮೃಗ ಕಪ್ಪು, ಹೆಣ್ಣು ತಿಳಿಕಂದು. ಎರಡನ್ನೂ ಒಟ್ಟಿಗೆ ಕಂಡು ‘ಹಿಂಡಿನಲ್ಲಿ ಒಂದು ಕಪ್ಪು ಜಿಂಕೆ’ ಎಂದು ಬರೆದವರಿದ್ದಾರೆ. ನೀಲಗಾಯ್ ಗಂಡು ನೀಲಿಬೂದು, ಹೆಣ್ಣು ಕಂದು. ಚೀನಾ ಮತ್ತು ವಿಯೆಟ್ನಾಂನಲ್ಲಿರುವ ಫ್ರಾಂಸ್ವಾ ಲಂಗೂರ್ ಕಪ್ಪು ಕೋತಿ, ಅದರ ಮರಿ ಹುಟ್ಟುವುದು ಕಿತ್ತಳೆ ಬಣ್ಣದಲ್ಲಿ. ರಾಜಹಕ್ಕಿಯ ಬಲಿತ ಗಂಡು ಬಿಳಿಯೂ ಇರಬಹುದು, ಕೆಂಗಂದೂ ಇರಬಹುದು, ಎರಡೂ ಸಹಜ.

ಋತು. ಚಳಿನಾಡಿನ ಸ್ಟೋಟ್ ಎಂಬ ಪುಟ್ಟ ಬೇಟೆಗಾರ ಚಳಿಗಾಲದಲ್ಲಿ ಪೂರ್ತಿ ಬಿಳಿಯಾಗುತ್ತದೆ, ಬಾಲದ ತುದಿ ಮಾತ್ರ ಕಪ್ಪಾಗೇ ಉಳಿಯುತ್ತದೆ. ಬಿಳಿ ಮೈ, ಕಪ್ಪು ಬಾಲತುದಿ ಕಂಡರೆ ಅದು ಉಡುಪು ಬದಲಿಸಿದ ಸ್ಟೋಟ್ ಇರಬಹುದು. ಸ್ನೋಶೂ ಮೊಲವೂ ಹೀಗೆಯೇ ಬಣ್ಣ ಬದಲಿಸುತ್ತದೆ.

ಕಜ್ಜಿ. ಕೂದಲುದುರಿ ಬೂದು ಚರ್ಮ ಬಿಟ್ಟುಕೊಂಡ ನರಿ, ತೋಳಗಳನ್ನು ಜನ ‘ಯಾವುದೋ ಹೊಸ ಮೃಗ’ ಎಂದುಕೊಳ್ಳುತ್ತಾರೆ. ಚರ್ಮದಲ್ಲಿ ಕೊರೆಯುವ ಸಾರ್ಕಾಪ್ಟಿಸ್ ಎಂಬ ನುಸಿಯಿಂದ ಬರುವ ರೋಗ ಇದು. ಬಾಲ ಇಲಿಬಾಲದಂತೆ ಬೋಳಾಗಿದ್ದರೆ, ಪ್ರಾಣಿ ನಿಂತು ನಿಂತು ಕೆರೆದುಕೊಳ್ಳುತ್ತಿದ್ದರೆ ಇದೇ ಇರಬೇಕು.

ಸಾಕುಪ್ರಾಣಿ. ತಪ್ಪಿಸಿಕೊಂಡ ಮೊಲ, ಪಾರಿವಾಳ, ಮುಂಗುಸಿಯನ್ನು ಹೋಲುವ ಫೆರೆಟ್. ಯುರೋಪಿನ ಫ್ಯಾಲೋ ಜಿಂಕೆಯಂತೂ ಕಂದು, ತಿಳಿಕಂದು, ಕಪ್ಪು, ಬಿಳಿ ಹೀಗೆ ಹಲವು ಬಣ್ಣದಲ್ಲಿ ಸಿಗುತ್ತದೆ, ಅವುಗಳಲ್ಲಿ ಬಿಳಿ ದೊಡ್ಡ ಸಂಗತಿಯೇನಲ್ಲ.

## ಹಂತ 8: ಉಳಿದದ್ದಕ್ಕೆ ಹೆಸರಿಡಿ

ಅನುಮಾನಗಳನ್ನೆಲ್ಲ ದಾಟಿ ಬಂದಿತೆಂದರೆ ಈಗ ಐದನೇ ಹಂತದ ಟಿಪ್ಪಣಿ ತೆರೆಯಿರಿ.

ಮೈ ಬಿಳಿ, ಕಣ್ಣು ಹಗಲಲ್ಲೂ ಗುಲಾಬಿ ಅಥವಾ ಕೆಂಪು, ಮೂಗು ಮತ್ತು ಉಗುರಿನಲ್ಲೂ ಕಪ್ಪಿಲ್ಲ. ಇದು ಆಲ್ಬಿನೋ. ಮೆಲನಿನ್ ಎಂಬ ಕಪ್ಪು ಬಣ್ಣದ್ರವ್ಯ ತಯಾರಾಗುವುದೇ ಇಲ್ಲ. ಕಣ್ಣಿನ ಕೆಂಪು ಬೇರೆ ಬಣ್ಣವಲ್ಲ, ಒಳಗಿನ ರಕ್ತನಾಳ ಕಾಣುವುದು. ಹಾವು, ಹಕ್ಕಿಗಳಲ್ಲಿ ಮಾತ್ರ ಒಂದು ತಿರುವಿದೆ. ಅವುಗಳ ಹಳದಿ, ಕೆಂಪು ಬಣ್ಣ ಬೇರೆ ದ್ರವ್ಯಗಳಿಂದಲೂ ಬರುತ್ತದೆ. ಹಾಗಾಗಿ ಆಲ್ಬಿನೋ ಹಾವು ಹಾಲುಬಿಳಿಯಾಗಿರದೆ ಹಳದಿಯಾಗಿರಬಹುದು.

ಮೈ ಬಿಳಿ, ಕಣ್ಣು ಕಪ್ಪು. ಇದು ಲ್ಯೂಸಿಸಂ. ಬಣ್ಣದ ಜೀವಕೋಶಗಳು ಚರ್ಮವನ್ನು ತಲುಪಿ ನೆಲೆಸಿರುವುದಿಲ್ಲ. ಕಣ್ಣಿನ ಒಳಪದರದ ಬಣ್ಣದ ಕೋಶಗಳು ಭ್ರೂಣದಲ್ಲಿ ಬೇರೆ ಕಡೆಯಿಂದ ಹುಟ್ಟುವುದರಿಂದ ಕಣ್ಣು ಕಪ್ಪಾಗಿಯೇ ಉಳಿಯುತ್ತದೆ. ಕಣ್ಣು ಮೊದಲು ನೋಡಿ ಎಂದು ಹಟ ಹಿಡಿದದ್ದು ಇದಕ್ಕೇ. ಮೈಯ ಅಲ್ಲಲ್ಲಿ ಮಾತ್ರ ಬಿಳಿ ಇದ್ದರೆ ಪೈಬಾಲ್ಡ್. ಇದನ್ನು ‘ಅರ್ಧ ಆಲ್ಬಿನೋ’ ಎಂದು ಬರೆಯುವುದು ತಪ್ಪು. ಹಕ್ಕಿಯ ರೆಕ್ಕೆಯಲ್ಲಿ ಅಲ್ಲೊಂದು ಇಲ್ಲೊಂದು ಬಿಳಿಗರಿ ಇದ್ದರೆ ದೊಡ್ಡ ಹೆಸರು ಬೇಡ, ವಯಸ್ಸಿನಿಂದಲೂ ಹಾಗಾಗುತ್ತದೆ.

ಮೈ ಕಪ್ಪು. ಇದು ಮೆಲನಿಸಂ. ಕರಿಚಿರತೆ ಬೇರೆ ಪ್ರಾಣಿಯಲ್ಲ, ಚಿರತೆಯೇ. ಚಿರತೆಯಲ್ಲಿ ಈ ಗುಣ ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ ಮಾತ್ರ ಮರಿ ಕಪ್ಪಾಗುತ್ತದೆ. ಅಮೆರಿಕ ಖಂಡಗಳ ದೊಡ್ಡ ಬೆಕ್ಕಾದ ಜಾಗ್ವಾರ್‌ನಲ್ಲಿ ಒಬ್ಬರಿಂದ ಬಂದರೂ ಸಾಕು. ಒಡಿಶಾದ ಸಿಮಿಲಿಪಾಲದ ಕಪ್ಪು ಹುಲಿಗಳದ್ದು ಇನ್ನೊಂದು ಕಥೆ: ಪಟ್ಟೆಗಳೇ ಅಗಲವಾಗಿ ಹರಡಿ ಒಂದಕ್ಕೊಂದು ಕೂಡಿಕೊಂಡಿವೆ. ಆದ್ದರಿಂದ ಪೂರ್ತಿ ಕಪ್ಪಲ್ಲ, ನಡುವೆ ಕೇಸರಿ ಇಣುಕುತ್ತದೆ.

ಕಪ್ಪಿರಬೇಕಾದ ಕಡೆ ಕೆಂಪು ಬಂದಿದ್ದರೆ ಎರಿತ್ರಿಸಂ. ಇದು ವಿರಳ. ದಕ್ಷಿಣ ಆಫ್ರಿಕಾದಲ್ಲಿ ಇಂಥ ಗುಲಾಬಿಗೆಂಪು ಚಿರತೆಗಳು ಕಂಡಿವೆ.

ಎಲ್ಲವೂ ಈ ನಾಲ್ಕು ಡಬ್ಬಿಗಳಲ್ಲಿ ಕೂರುವುದಿಲ್ಲ. ಬಿಳಿ ಹುಲಿಗೆ ಕಪ್ಪು ಪಟ್ಟೆಯಿದೆ, ನೀಲಿ ಕಣ್ಣಿದೆ. ಅಂದರೆ ಮೆಲನಿನ್ ಇದೆ, ಅದು ಆಲ್ಬಿನೋ ಅಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಕರಾವಳಿಯ ಬಿಳಿ ಕರ್ಮೋಡ್ ಕರಡಿ ಕಪ್ಪು ಕರಡಿಯ ಜಾತಿಯದ್ದೇ, ಕಣ್ಣೂ ಮೂಗೂ ಕಪ್ಪು, ಅದೂ ಆಲ್ಬಿನೋ ಅಲ್ಲ. ಗೊಂದಲವಾದರೆ ಹೆಸರು ಬಿಡಿ. ‘ಮೈ ಬಿಳಿ, ಕಣ್ಣು ಕಪ್ಪು, ಮೂಗು ಕಪ್ಪು’ ಎಂದಷ್ಟೇ ಬರೆದ ದಾಖಲೆ ತಪ್ಪು ಹೆಸರು ಹೊತ್ತ ದಾಖಲೆಗಿಂತ ಬೆಲೆಯುಳ್ಳದ್ದು.

## ಹಂತ 9: ಯಾರಿಗೆ ಹೇಳಬೇಕು, ಏನನ್ನು ಹೇಳಬಾರದು

ಅರಣ್ಯ ಇಲಾಖೆಗೆ ಮತ್ತು ಆ ಪ್ರಾಣಿಯ ಬಗ್ಗೆ ಕೆಲಸ ಮಾಡುವ ತಜ್ಞರಿಗೆ ಪೂರ್ತಿ ಹೇಳಿ, ಜಾಗ ಸಮೇತ. ಉಳಿದ ಜಗತ್ತಿಗೆ ಜಾಗ ಬೇಡ. ಎಷ್ಟೋ ಪ್ರಾಣಿಗಳು ತಮ್ಮ ಸರಹದ್ದಿನಲ್ಲೇ ಸುತ್ತುತ್ತವೆ. ಬಿಳಿ ಮೈಯವಕ್ಕೆ ಅಡಗುವುದಂತೂ ಮೊದಲೇ ಕಷ್ಟ. ಇವತ್ತು ನಿಮಗೆ ಕಂಡದ್ದು ನಾಳೆ ಹುಡುಕಿ ಬಂದವನಿಗೂ ಕಾಣುತ್ತದೆ, ಅವನ ಕೈಯಲ್ಲಿ ಕ್ಯಾಮೆರಾವೇ ಇರಬೇಕೆಂದಿಲ್ಲ.

ಜಾಗ ಸೋರುವ ದಾರಿಗಳು ಹಲವು. ಫೋಟೋದೊಳಗಿನ ಲೊಕೇಶನ್ ಒಂದು. ಚಿತ್ರವನ್ನು ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೋ ಆಗಿ ಕಳಿಸಿದರೆ ಆ ಮಾಹಿತಿ ಉದುರುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಾಗೇ ಹೋಗುತ್ತದೆ. ಹಿನ್ನೆಲೆ ಇನ್ನೊಂದು: ಗುಡ್ಡದ ಆಕಾರ, ಟವರ್, ಮೈಲಿಗಲ್ಲು. ಹತ್ತಿರದ ಊರಿನವರಿಗೆ ಅಷ್ಟೇ ಸಾಕು, ಕತ್ತರಿಸಿ ಹಾಕಿ. ಕಂಡ ಜೀವಿಗಳನ್ನು ಜನ ದಾಖಲಿಸುವ ಐನ್ಯಾಚುರಲಿಸ್ಟ್ ಜಾಲತಾಣದಲ್ಲಿ ಹಾಕುವುದಾದರೆ ಜಾಗವನ್ನು ಮಸುಕುಗೊಳಿಸುವ ಆಯ್ಕೆ ಒತ್ತಿ. ಅಕ್ಷಾಂಶ ರೇಖಾಂಶಗಳಲ್ಲಿ 0.2 ಡಿಗ್ರಿ ಅಗಲದ ಚೌಕದೊಳಗೆ ಎಲ್ಲೋ ಒಂದು ಕಡೆ ಚುಕ್ಕೆ ತೋರಿಸುತ್ತದೆ. ಅದೇ ಫೋಟೋವನ್ನು ಅದೇ ದಿನ ಬೇರೆಡೆ ಊರಿನ ಹೆಸರು ಸಮೇತ ಹಾಕಿದರೆ ಆ ಆಯ್ಕೆ ಒತ್ತಿಯೂ ಪ್ರಯೋಜನವಿಲ್ಲ.

## ಮತ್ತೆ ಕಂಡರೆ

ಆಸೆ ಎಂದು ಮರುದಿನವೇ ಅಲ್ಲಿಗೆ ಹೋಗಬೇಡಿ. ದಿನವೂ ಜನ ಬರುವ ಜಾಗವನ್ನು ಪ್ರಾಣಿ ಬಿಟ್ಟುಬಿಡುತ್ತದೆ.

ಕೆಲವು ವಾರಗಳ ಬಳಿಕ ಅಕಸ್ಮಾತ್ ಕಂಡಿತು ಅನ್ನಿ. ‘ಅದೇ ಪ್ರಾಣಿ’ ಎಂದು ಬರೆಯುವ ಮೊದಲು ಹೋಲಿಸಿ ನೋಡಬೇಕು. ಅಪ್ಪಟ ಬಿಳಿಯದ್ದಾದರೆ ಕಿವಿಯ ಹರಕು, ಗಾಯದ ಗುರುತು ನೋಡಿ. ಮಚ್ಚೆಯದ್ದಾದರೆ ಮಚ್ಚೆಯ ಅಂಚನ್ನು ಪೆನ್ಸಿಲಿನಲ್ಲಿ ಬಿಡಿಸಿ ಇಟ್ಟುಕೊಂಡರೆ ಹೋಲಿಕೆ ಸುಲಭ. ಆದರೆ ಒಂದೇ ಪ್ರಾಣಿಯ ಎಡಬಲ ಮಗ್ಗುಲಿನ ಗುರುತುಗಳು ಒಂದೇ ಥರ ಇರುವುದಿಲ್ಲ, ಹಾಗಾಗಿ ಎಡವನ್ನು ಎಡಕ್ಕೇ ಹೋಲಿಸಬೇಕು. ಮೊದಲ ದಿನ ಒಂದೇ ಮಗ್ಗುಲು ಸಿಕ್ಕಿದ್ದರೆ ಅದು ಯಾವುದು ಎಂದು ಫೈಲಿನ ಹೆಸರಿನಲ್ಲೇ ಬರೆದಿಡಿ.